ಶಿರಸಿ ಅಂದ್ರೆ ಸಿದ್ದಾಪುರ!

ಅಡಿಕೆ ಲೆಕ್ಕಕ್ಕೆ ಪಿಎಚ್‌ಪಿಯಲ್ಲಿ ಒಂದು ಸಾಲು ಅಂತಿಟ್ಕೊಳ್ಳಿ:

ಕೋಡ್ == 1 ? "ಶಿರಸಿ" : ಕೋಡ್ == 2 ? "ಸಿದ್ದಾಪುರ" : "ಯಲ್ಲಾಪುರ"

ಕೋಡ್ 1 ಕೊಟ್ಟರೆ? ಸಿ, ಜಾವಾಸ್ಕ್ರಿಪ್ಟ್‌ನಲ್ಲಿ ಶಿರಸಿ. ಹಳೇ ಪಿಎಚ್‌ಪಿಯಲ್ಲಿ ಸಿದ್ದಾಪುರ! ಅದು ಎಡದಿಂದ ಕಂಸ ಹಾಕ್ತಿತ್ತು. ಮೊದಲ ಅರ್ಧದಿಂದ ಬಂದ "ಶಿರಸಿ" ಖಾಲಿಯಲ್ಲವಲ್ಲ, ಅದನ್ನೇ 'ನಿಜ' ಅಂತ ಓದಿ ಎರಡನೇ ಪ್ರಶ್ನೆಗೂ ಹೌದು ಅಂದುಬಿಡ್ತಿತ್ತು. ಶಿರಸಿ ರೈತನ ದುಡ್ಡು ಸಿದ್ದಾಪುರದ ಲೆಕ್ಕಕ್ಕೆ. ಎರರ್ ಕೂಡ ಇಲ್ಲ.

ಮ್ಯಾನುಯಲ್‌ನಲ್ಲಿ ಬರೆದಿತ್ತಲ್ಲ ಅನ್ನೋರಿದ್ದಾರೆ. ಓದೋ ಕಣ್ಣು ಒಂದು ದಾರಿ, ಯಂತ್ರ ಇನ್ನೊಂದು ದಾರಿ ಹಿಡಿದರೆ ನಾನು ನಿಯಮವನ್ನೇ ಬೈಯುತ್ತೇನೆ.

2019ರ 7.4 ಆವೃತ್ತಿ ಎಚ್ಚರಿಸಿತು, 2020ರ 8.0, ಕಂಸ ಹಾಕದಿದ್ರೆ ಓಡೋದೇ ಇಲ್ಲ ಅಂತು. ಸದ್ದಿಲ್ಲದೆ ಬಲಕ್ಕೆ ತಿರುಗಿಸದೆ ಹೀಗೆ ತಡೆದು ನಿಲ್ಲಿಸಿದ್ದು ನನಗೆ ಹಿಡಿಸಿತು. ತಿರುಗಿಸಿದ್ದರೆ, ಹಳೇ ನಡತೆಯನ್ನೇ ನಂಬಿ ಬರೆದ ಕೋಡ್ ರಾತ್ರೋರಾತ್ರಿ ಬೇರೆ ಊರು ತೋರಿಸ್ತಿತ್ತು.