ಪಟೇಲರ ಟ್ರಾಕ್ಟರು, ಕರಿ ಚಿರತೆ

ಚುನಾವಣೆ ಬಂತೆಂದರೆ ಪೇಟೆಯಿಂದ ನಮ್ಮ ಕೇರಿಗೆ ಜಾಗೃತಿ ಬರುತ್ತದೆ. ಬ್ಯಾನರು, ಜಾಥಾ, ಪ್ರತಿಜ್ಞೆ. ‘ತಪ್ಪದೆ ಮತ ಹಾಕಿ’ ಅಂತ ಹೇಳಿ, ಫೋಟೊ ತೆಗೆಸಿಕೊಂಡು ಸಂಜೆ ಬಸ್ಸಿಗೆ ಹೋಗಿಬಿಡುತ್ತಾರೆ. ನಮ್ಮವ್ವ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ ಅನ್ನೋದು ಇವರಿಗೆ ಗೊತ್ತಿಲ್ಲ. ಪಟೇಲರ ಮನೆಯ ಟ್ರಾಕ್ಟರು ಕೇರಿ ಮುಂದೆ ನಿಲ್ಲುತ್ತಿತ್ತು, ಅವ್ವ ಹತ್ತುತ್ತಿದ್ದಳು. ಯಾವ ಗುರುತಿಗೆ ಒತ್ತಬೇಕು ಅನ್ನೋದು ಟ್ರಾಕ್ಟರಿನಲ್ಲೇ ತೀರ್ಮಾನವಾಗಿರುತ್ತಿತ್ತು. ಲೆಕ್ಕದ ಪ್ರಕಾರ ನಮ್ಮದು ಬಹಳ ಜಾಗೃತವಾದ ಬೂತು!

ಮತದಾನದ ಪ್ರಮಾಣ ಏರಿಸಿದರೆ ಕೆಲಸ ಮುಗಿಯಿತು ಅಂದುಕೊಂಡ ಸಂಘಸಂಸ್ಥೆಗಳ ಗೆಳೆಯರು ಅಮೆರಿಕದ ಅಲಬಾಮ ರಾಜ್ಯದ ಲೌಂಡ್ಸ್ ಕೌಂಟಿಯ ಕಥೆ ಕೇಳಬೇಕು. ಅದು ಹತ್ತಿ ಬೆಳೆಯುವ ಸೀಮೆ. ನೂರಕ್ಕೆ ಸುಮಾರು 80 ಮಂದಿ ಕಪ್ಪು ಜನ. 1965ರ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿ ಅವರದೊಂದು ಹೆಸರೂ ಇರಲಿಲ್ಲ. ಅಜ್ಞಾನವೆ? ಅಲ್ಲ. ಹೆಸರು ಬರೆಸಲು ಹೋದವನ ಗೇಣಿ ಹೊಲ ಹೋಗುತ್ತಿತ್ತು, ಗುಡಿಸಲು ಹೋಗುತ್ತಿತ್ತು, ಜೀವವೂ ಹೋಗಬಹುದಿತ್ತು.

ಆ ವರ್ಷದ ಮಾರ್ಚ್‌ನಲ್ಲಿ ಸ್ಟೋಕ್ಲಿ ಕಾರ್ಮೈಕಲ್ ಮತ್ತು ಎಸ್‌ಎನ್‌ಸಿಸಿ ಎಂಬ ವಿದ್ಯಾರ್ಥಿ ಸಂಘಟನೆಯ ಸಂಗಾತಿಗಳು ಅಲ್ಲಿಗೆ ಹೋದರು. ಭಾಷಣ ಮಾಡಿ ವಾಪಸ್ಸು ಬರಲಿಲ್ಲ. ಅಲ್ಲೇ ಉಳಿದರು, ಮನೆಮನೆ ಅಲೆದರು, ಜಾನ್ ಹ್ಯೂಲೆಟ್‌ರಂಥ ಊರಿನವರ ಜೊತೆಗೂಡಿದರು. ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂದು ಅಲ್ಲಿನ ಅಕ್ಷರ ಪರೀಕ್ಷೆ ಹೋಯಿತು. ಜನ ಸಾಲುಗಟ್ಟಿ ಹೆಸರು ಬರೆಸಿದರು. ಭೂಮಾಲೀಕರು ಒಕ್ಕಲೆಬ್ಬಿಸಿದರು. ಬೀದಿಗೆ ಬಿದ್ದ ಕುಟುಂಬಗಳಿಗೆ ಹೆದ್ದಾರಿ ಪಕ್ಕದಲ್ಲಿ ಡೇರೆ ಎದ್ದವು. ಹಾಗೆ ಡೇರೆ ಹಾಕಿಸಿದವರಲ್ಲಿ ಇದೇ ಸಂಘಟನೆ ಇತ್ತು.

ಅಷ್ಟೇ ಅಲ್ಲ. ಶೆರಿಫನ ಅಧಿಕಾರವೇನು, ತೆರಿಗೆ ನಿಗದಿ ಮಾಡುವವನ ಕೆಲಸವೇನು ಅಂತ ಚಿತ್ರದ ಪುಸ್ತಕ ಮಾಡಿ ಹಂಚಿದರು. ತಮ್ಮದೇ ಪಕ್ಷ ಕಟ್ಟಿದರು. ಓದು ಬಾರದವರಿಗೆ ಗುರುತು ಬೇಕಲ್ಲ? ಬಿಳಿಯರ ಪಕ್ಷದ್ದು ಹುಂಜ. ಇವರು ಕರಿ ಚಿರತೆ ಇಟ್ಟುಕೊಂಡರು.

1966ರ ನವೆಂಬರ್‌ನಲ್ಲಿ ಚಿರತೆಯ ಅಭ್ಯರ್ಥಿಗಳೆಲ್ಲ ಸೋತರು. ಆ ದಿನ ತೋಟದ ಮಾಲೀಕರು ತಮ್ಮ ಕಪ್ಪು ಆಳುಗಳನ್ನು ಗಾಡಿಗಳಲ್ಲಿ ತುಂಬಿ ತಂದು ಹುಂಜಕ್ಕೆ ಹಾಕಿಸಿದ್ದರು. ಅಲ್ಲೂ ಪಟೇಲರ ಟ್ರಾಕ್ಟರು! ಮತದಾನದ ಪ್ರಮಾಣ ಏರಿತ್ತು, ಭಯ ಇಳಿದಿರಲಿಲ್ಲ. ಸಂಘಟನೆ ಕಟ್ಟಿದ ಊರಿನವರು ಸೋತ ಮೇಲೂ ಬಿಡಲಿಲ್ಲ. 1970ರಲ್ಲಿ ಅದೇ ಹ್ಯೂಲೆಟ್ ಆ ಕೌಂಟಿಯ ಶೆರಿಫರಾದರು.

ಆ ಚಿರತೆಯನ್ನೇ 1966ರಲ್ಲಿ ಓಕ್ಲೆಂಡಿನ ಯುವಕರು ಬ್ಲ್ಯಾಕ್ ಪ್ಯಾಂಥರ್ ಪಕ್ಷಕ್ಕೆ ತೆಗೆದುಕೊಂಡರು. ಅವರಿಂದ 1972ರಲ್ಲಿ ಮುಂಬಯಿಯ ದಲಿತ್ ಪ್ಯಾಂಥರ್ ಹೆಸರು ಪಡೆಯಿತು. ನನ್ನಂಥ ಕವಿಗಳು ಚಿರತೆಯ ಉಗುರು, ಹಲ್ಲು, ಗರ್ಜನೆ ಬರೆದೆವು. ಅದು ಮೊದಲು ಹೆಜ್ಜೆಯೂರಿದ್ದು ಮತಪತ್ರದ ಮೇಲೆ, ಅಕ್ಷರ ಬಾರದ ಗೇಣಿದಾರರಿಗಾಗಿ ಅನ್ನೋದನ್ನು ಬರೆಯಲಿಲ್ಲ. ಈ ಟೀಕೆ ನನಗೂ ಸಲ್ಲಬೇಕು.

ಜಾಥಾ ಬೇಡ ಅಂತಿಲ್ಲ. ಬನ್ನಿ. ಆದರೆ ಪಟೇಲರ ಮಾತು ಮೀರಿ ಒತ್ತಿದ್ದಕ್ಕೆ ಮಾರನೇ ದಿನ ಕೂಲಿ ತಪ್ಪಿದವಳ ಬಾಗಿಲಲ್ಲಿ ನೀವಿರುತ್ತೀರಾ? ಅದನ್ನು ಹೇಳಿ. ಬೂತು ಎಲ್ಲಿದೆ ಅಂತ ನಮ್ಮವ್ವನಿಗೆ ಗೊತ್ತು. ನಡೆದೇ ಹೋಗುತ್ತಾಳೆ.