ಎದುರಾಳಿ ಯಾರು, ಗ್ಯಾಲರಿಯಲ್ಲಿ ಯಾರು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡವೊಂದು ನವೆಂಬರ್ ಮೊದಲ ವಾರದಿಂದ ಮಾರ್ಚ್ ಆರಂಭದವರೆಗೆ ಸುಮಾರು 30 ಪಂದ್ಯಗಳನ್ನು ಆಡುತ್ತದೆ. ಅವುಗಳಲ್ಲಿ 16ರಿಂದ 20 ಪಂದ್ಯಗಳು ತಂಡ ಸೇರಿಕೊಂಡಿರುವ ಕಾನ್ಫರೆನ್ಸಿನವು. ಯಾರೊಡನೆ, ಎಲ್ಲಿ, ಯಾವ ದಿನ ಎಂಬುದನ್ನು ಕಾನ್ಫರೆನ್ಸಿನ ಕಚೇರಿಯೇ ಗೊತ್ತುಮಾಡಿ ಕಳಿಸುತ್ತದೆ. ಉಳಿದ ಹತ್ತು ಹನ್ನೆರಡು ಪಂದ್ಯಗಳಿಗೆ ಎದುರಾಳಿಯನ್ನು ಹುಡುಕಿಕೊಳ್ಳುವುದು ತಂಡದ ಕೆಲಸ. ಸಾಮಾನ್ಯವಾಗಿ ಸಹಾಯಕ ಕೋಚ್ ಒಬ್ಬರು ಬೇಸಿಗೆಯುದ್ದಕ್ಕೂ ಫೋನ್ ಹಿಡಿದು ಕೂತು ಈ ಕೆಲಸ ಮುಗಿಸುತ್ತಾರೆ. ಆಟ ನೋಡುವವರ ಕಣ್ಣಿಗೆ ಬೀಳದ ಈ ಮಾತುಕತೆಯಲ್ಲಿ ಮಧ್ಯಮ ದರ್ಜೆಯ ತಂಡದ ಇಡೀ ವರ್ಷದ ಭವಿಷ್ಯ ಅರ್ಧಕ್ಕರ್ಧ ತೀರ್ಮಾನವಾಗಿರುತ್ತದೆ.

ಮೇಲ್ಮಟ್ಟವಾದ ಡಿವಿಷನ್ ಒಂದರಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ. ಎಸ್‌ಇಸಿ, ಬಿಗ್ ಟೆನ್, ಬಿಗ್ 12, ಎಸಿಸಿ, ಬಿಗ್ ಈಸ್ಟ್ ಎಂಬ ಐದು ಕಾನ್ಫರೆನ್ಸುಗಳ ಕೈಯಲ್ಲಿ ಟಿವಿ ಹಣವೂ ಹೆಸರೂ ಸೇರಿಕೊಂಡಿವೆ. ಅವುಗಳ ಹೊರಗಿದ್ದೂ ಗಟ್ಟಿಯಾಗಿ ಆಡುವ ತಂಡಗಳನ್ನು ‘ಮಿಡ್ ಮೇಜರ್’ ಎನ್ನುವುದು ರೂಢಿ. ಎಲ್ಲರ ಗುರಿ ಮಾರ್ಚ್‌ನ ಎನ್‌ಸಿಎಎ ಟೂರ್ನಿ. 2011ರಿಂದ ಅದರಲ್ಲಿ 68 ತಂಡಗಳಿಗೆ ಜಾಗವಿದೆ. 2025ರ ಲೆಕ್ಕ ತೆಗೆದುಕೊಂಡರೆ, 31 ಜಾಗಗಳು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಹೋದವು, 37 ಜಾಗಗಳನ್ನು ಆಯ್ಕೆ ಸಮಿತಿ ತುಂಬಿತು. ದೊಡ್ಡ ಕಾನ್ಫರೆನ್ಸಿನ ತಂಡ ಹತ್ತು ಪಂದ್ಯ ಸೋತರೂ ಆ 37ರಲ್ಲಿ ನುಸುಳಬಹುದು. ಮಧ್ಯಮ ತಂಡಕ್ಕೆ ಕಾನ್ಫರೆನ್ಸ್ ಟೂರ್ನಿಯ ಒಂದು ಕೆಟ್ಟ ಸಂಜೆಯೇ ಸಾಕು, ವರ್ಷದ ಆಟ ಅಲ್ಲಿಗೆ ಮುಗಿಯುತ್ತದೆ. ಆ ಸಂಜೆಯ ಆಚೆಗೂ ಉಳಿಯಬೇಕಾದರೆ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಬಲಿಷ್ಠರನ್ನು ಸೋಲಿಸಿದ ದಾಖಲೆ ಕೈಯಲ್ಲಿರಬೇಕು.

ಆ ದಾಖಲೆಯನ್ನು ಅಳೆಯುವ ಕೋಲು ಹಿಂದೆ ಆರ್‌ಪಿಐ ಆಗಿತ್ತು. ಅದರಲ್ಲಿ ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಕಾಲು ಭಾಗ ತೂಕ, ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಅರ್ಧ, ಎದುರಾಳಿಗಳ ಎದುರಾಳಿಗಳಿಗೆ ಇನ್ನುಳಿದ ಕಾಲು. ಚೆನ್ನಾಗಿ ಆಡುವುದಕ್ಕಿಂತ ಎದುರಾಳಿಯನ್ನು ಚೆನ್ನಾಗಿ ಆರಿಸುವುದಕ್ಕೆ ಹೆಚ್ಚು ಬೆಲೆ ಬಂದದ್ದು ಹೀಗೆ. 2018-19ರಲ್ಲಿ ಅದರ ಜಾಗಕ್ಕೆ ‘ನೆಟ್’ ಎಂಬ ಹೊಸ ಕ್ರಮಾಂಕ ಬಂತು. ಈಗ ಸಮಿತಿ ಪ್ರತಿ ಪಂದ್ಯವನ್ನೂ ನಾಲ್ಕು ಮನೆಗಳಲ್ಲಿ ಒಂದಕ್ಕೆ ಹಾಕುತ್ತದೆ. ತವರಿನಲ್ಲಿ ಮೊದಲ 30ರೊಳಗಿನ ತಂಡ, ತಟಸ್ಥ ಅಂಗಳದಲ್ಲಿ ಮೊದಲ 50ರೊಳಗಿನದು, ಎದುರಾಳಿಯ ಊರಿನಲ್ಲಿ ಮೊದಲ 75ರೊಳಗಿನದು ಸಿಕ್ಕರೆ ಆ ಪಂದ್ಯ ಮೊದಲ ಮನೆಗೆ ಸೇರುತ್ತದೆ. ಮಧ್ಯಮ ತಂಡದವರು ಈ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಎಪ್ಪತ್ತನೇ ಕ್ರಮಾಂಕದ ತಂಡವನ್ನು ಮನೆಯಲ್ಲಿ ಸೋಲಿಸಿದರೆ ಎರಡನೇ ಮನೆ, ಅವರ ಊರಿಗೆ ಹೋಗಿ ಸೋಲಿಸಿದರೆ ಮೊದಲ ಮನೆ. ಎಂದರೆ, ಲೆಕ್ಕ ಹೇಳುವುದು ‘ಹೊರಡು’ ಎಂದು.

ಹೊರಟರೂ ಕರೆಯುವವರು ಬೇಕಲ್ಲ. ದೊಡ್ಡ ಕಾಲೇಜುಗಳು ತಮ್ಮ ಅಂಗಳಕ್ಕೆ ಸಣ್ಣ ತಂಡಗಳನ್ನು ದುಡ್ಡು ಕೊಟ್ಟು ಕರೆಸುತ್ತವೆ. ‘ಬೈ ಗೇಮ್’ ಎಂಬ ಈ ವ್ಯವಹಾರದಲ್ಲಿ ಬಂದವರಿಗೆ ಒಂದು ಚೆಕ್ಕು, ಕರೆದವರಿಗೆ ಒಂದು ಸುಲಭ ಗೆಲುವು, ಮರಳಿ ಹೋಗಿ ಆಡುವ ಹಂಗು ಯಾರಿಗೂ ಇಲ್ಲ. ಎವಾನ್ಸ್‌ವಿಲ್ ತಂಡಕ್ಕೆ 2019ರ ನವೆಂಬರ್‌ನಲ್ಲಿ ಕೆಂಟಕಿ 90,000 ಡಾಲರ್ ಕೊಟ್ಟಿತ್ತು. ಆಗ ದೇಶದ ಮೊದಲ ಸ್ಥಾನದಲ್ಲಿದ್ದ ಕೆಂಟಕಿಯನ್ನು ಎವಾನ್ಸ್‌ವಿಲ್ 67–64ರಿಂದ ಸೋಲಿಸಿತು. ಅದೇ ತಿಂಗಳು ಸ್ಟೀಫನ್ ಎಫ್. ಆಸ್ಟಿನ್ ತಂಡ ಡ್ಯೂಕ್‌ನ ಅಂಗಳಕ್ಕೆ ಹೋಗಿ ಹೆಚ್ಚುವರಿ ಅವಧಿಯಲ್ಲಿ 85–83ರಿಂದ ಗೆದ್ದಿತು. ಡ್ಯೂಕ್ ಕೂಡ ಅಂದು ಮೊದಲ ಸ್ಥಾನದಲ್ಲೇ ಇತ್ತು. ಇಂಥ ಸಂಜೆಗಳು ಬರುವುದು ತೀರಾ ಅಪರೂಪ, ಆ ಎವಾನ್ಸ್‌ವಿಲ್ ಮುಂದೆ ತನ್ನ ಕಾನ್ಫರೆನ್ಸಿನ 18 ಪಂದ್ಯಗಳನ್ನೂ ಸೋತಿತು. ಆದರೆ ದೊಡ್ಡ ಕಾಲೇಜಿನ ಕೋಚ್‌ಗೆ ಅದರ ನೆನಪು ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಅವರು ಕರೆಯುವುದು ನಿಶ್ಚಿತವಾಗಿ ಸೋಲುವವರನ್ನು. ನಿಜವಾಗಿ ಚೆನ್ನಾಗಿ ಆಡುವ ಮಧ್ಯಮ ತಂಡಕ್ಕೆ ಕರೆಯೂ ಬರುವುದಿಲ್ಲ, ಅದರ ಊರಿಗೆ ಯಾರೂ ಬರುವುದೂ ಇಲ್ಲ. ಬಿಗ್ ಟೆನ್ 2018-19ರಲ್ಲಿ, ಎಸಿಸಿ ಅದರ ಮರುವರ್ಷ ಕಾನ್ಫರೆನ್ಸ್ ಪಂದ್ಯಗಳನ್ನು 20ಕ್ಕೆ ಏರಿಸಿದ ಮೇಲೆ ಅವುಗಳ ಬಳಿ ಹೊರಗಿನವರಿಗೆ ಕೊಡಲು ಉಳಿದ ದಿನಗಳೂ ಕಡಿಮೆಯಾದವು.

ಸಮಾನ ಒಪ್ಪಂದವೆಂದರೆ ಈ ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ. ಸಮಾನರಲ್ಲದವರ ನಡುವೆ ಅದು ‘ಎರಡಕ್ಕೊಂದು’ ಆಗುತ್ತದೆ, ಅಲ್ಲಿ ಎರಡು ಸಲ ಹೋದರೆ ಇಲ್ಲಿಗೆ ಒಂದು ಸಲ ಬರುತ್ತಾರೆ. ಅವಮಾನವೆಂದು ಇದನ್ನು ತಿರಸ್ಕರಿಸಿದ ಕೋಚ್‌ಗಳಿದ್ದಾರೆ. ತಿರಸ್ಕರಿಸಿ ಮನೆಯಲ್ಲೇ ಕುಳಿತರೆ ಏನಾಗುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಸೇಂಟ್ ಮೇರೀಸ್ ಉದಾಹರಣೆ. 2016ರಲ್ಲಿ ಆ ತಂಡ 27 ಗೆದ್ದು 5 ಮಾತ್ರ ಸೋತಿತ್ತು, ತನ್ನದೇ ಕಾನ್ಫರೆನ್ಸಿನ ಬಲಿಷ್ಠ ತಂಡ ಗೊಂಜಾಗವನ್ನು ಲೀಗ್ ಹಂತದಲ್ಲಿ ಎರಡೂ ಸಲ ಮಣಿಸಿತ್ತು. ಆದರೆ ಕಾನ್ಫರೆನ್ಸಿನ ಹೊರಗಿನ ಪಂದ್ಯಗಳನ್ನು ಅದು ಬಹುಪಾಲು ತವರಿನಲ್ಲೇ, ಅಷ್ಟೇನೂ ಬಲವಿಲ್ಲದವರೊಡನೆ ಆಡಿತ್ತು. ಆಯ್ಕೆಯ ಭಾನುವಾರ ಅದರ ಹೆಸರು ಬರಲಿಲ್ಲ. ಆಟಗಾರರಿಗೆ ಅದು ಅನ್ಯಾಯವೇ, ಯಾಕೆಂದರೆ ವೇಳಾಪಟ್ಟಿ ಮಾಡಿದ್ದು ಅವರಲ್ಲ.

ಗೊಂಜಾಗ ತುಳಿದದ್ದು ಇದರ ವಿರುದ್ಧ ದಿಕ್ಕಿನ ದಾರಿ, ಈ ವಿದ್ಯೆಯ ಅತ್ಯುತ್ತಮ ಪಾಠ ಅದರ ಇತಿಹಾಸದಲ್ಲಿದೆ. ವಾಷಿಂಗ್ಟನ್ ರಾಜ್ಯದ ಪೂರ್ವ ಅಂಚಿನ ಸ್ಪೋಕೇನ್ ಪಟ್ಟಣದ ಈ ಜೆಸ್ಯೂಟ್ ಕಾಲೇಜು 1999ರಲ್ಲಿ ಹತ್ತನೇ ಶ್ರೇಯಾಂಕದ ತಂಡವಾಗಿ ಬಂದು ಮಿನೆಸೋಟ, ಸ್ಟ್ಯಾನ್‌ಫರ್ಡ್, ಫ್ಲಾರಿಡ ತಂಡಗಳನ್ನು ದಾಟಿ ಕೊನೆಯ ಎಂಟರ ಘಟ್ಟ ತಲುಪಿತು. ಅದೇ ವರ್ಷ ಮಾರ್ಕ್ ಫ್ಯೂ ಮುಖ್ಯ ಕೋಚ್ ಆದರು. ಅಂದಿನ ಗೊಂಜಾಗದ ಅಂಗಳದಲ್ಲಿ ಇದ್ದದ್ದು ಸುಮಾರು 4,000 ಆಸನ. ಅಲ್ಲಿಗೆ ದೊಡ್ಡವರು ಬರುವುದಿಲ್ಲ ಎಂಬುದನ್ನು ಒಪ್ಪಿಕೊಂಡು, ಯಾರೇ ಆಗಲಿ ಎಲ್ಲೇ ಆಗಲಿ ಆಡುತ್ತೇವೆಂದು ಆ ತಂಡ ಹೊರಟಿತು. ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಹವಾಯಿಯಲ್ಲಿ ನಡೆಯುವ ಮಾವಿ ಟೂರ್ನಿಯಂಥವು ಅದಕ್ಕೆ ಅನುಕೂಲವಾದವು. ಅಲ್ಲಿ ಮೂರು ದಿನದಲ್ಲಿ ಮೂರು ಪಂದ್ಯ, ಯಾರಿಗೂ ತವರಲ್ಲದ ನೆಲ, ಜೊತೆಗೆ ದೇಶವೇ ನೋಡುವ ಟಿವಿ. 2005ರಲ್ಲಿ ಮಿಷಿಗನ್ ಸ್ಟೇಟ್ ತಂಡವನ್ನು ಮೂರು ಹೆಚ್ಚುವರಿ ಅವಧಿಗಳ ನಂತರ 109–106ರಿಂದ ಗೆದ್ದ ಪಂದ್ಯ ಅಲ್ಲಿಯದೇ.

ಮನೆ ಬಿಟ್ಟು ಗಳಿಸಿದ ಹೆಸರು ಮನೆಗೇ ಮರಳಿತು. 2004ರಲ್ಲಿ 6,000 ಆಸನಗಳ ಮೆಕಾರ್ಥಿ ಅಂಗಳ ತೆರೆಯಿತು, ಟಿಕೆಟ್ ಸಿಗುವುದೇ ಕಷ್ಟವಾಯಿತು. ಇಲ್ಲಿ ಒಂದು ಜಾಣ ನಿರ್ಧಾರವನ್ನು ಗಮನಿಸಬೇಕು. ಹದಿನೈದು ಸಾವಿರ ಆಸನ ಕಟ್ಟಿ ಅರ್ಧ ಖಾಲಿ ಬಿಡುವ ಬದಲು ಆರು ಸಾವಿರ ಕಟ್ಟಿ ತುಂಬಿಸಿದರು. ವಿದ್ಯಾರ್ಥಿಗಳಿಗೆ ಅಂಕಣದ ಬದಿಯಲ್ಲೇ ಜಾಗ ಕೊಟ್ಟರು. ಖಾಲಿ ಆಸನ ಟಿವಿಯಲ್ಲಿ ಕಂಡಷ್ಟು ಸಲವೂ ಮುಂದಿನ ವಾರದ ಟಿಕೆಟ್ ಮಾರಾಟಕ್ಕೆ ಪೆಟ್ಟು ಬೀಳುತ್ತದೆ. 2022ರ ನವೆಂಬರ್‌ನಲ್ಲಿ ಕೊನೆಗೂ ಕೆಂಟಕಿ ಸ್ಪೋಕೇನ್‌ಗೆ ಬಂತು. ಆದರೆ ಆಡಿದ್ದು ಮೆಕಾರ್ಥಿಯಲ್ಲಲ್ಲ, ಅದಕ್ಕಿಂತ ಬಹು ದೊಡ್ಡದಾದ ಊರಿನ ಸ್ಪೋಕೇನ್ ಅರೀನಾದಲ್ಲಿ. ಗೊಂಜಾಗದಂಥ ಗೊಂಜಾಗವೂ ತನ್ನ ಅಂಗಳಕ್ಕೆ ಕರೆತರಲಾಗದವರಿದ್ದಾರೆ. ಆ ಸರಣಿಯ ಮರುಪಂದ್ಯ 2024ರ ಫೆಬ್ರುವರಿಯಲ್ಲಿ ಕೆಂಟಕಿಯಲ್ಲಿ ನಡೆದು, ಗೊಂಜಾಗ 89–85ರಿಂದ ಗೆದ್ದಿತು. ಕಾನ್ಫರೆನ್ಸ್ ಪಂದ್ಯಗಳ ನಡುವೆ ಫೆಬ್ರುವರಿಯಲ್ಲಿ ಇಂಥದೊಂದು ಪಂದ್ಯ ಸಿಕ್ಕಿಸುವುದು ವೇಳಾಪಟ್ಟಿ ಮಾಡುವವರ ಕೈಚಳಕ. ಇದಕ್ಕೆ ಕಾನ್ಫರೆನ್ಸಿನ ಸಹಕಾರವೂ ಬೇಕು. ಗೊಂಜಾಗ ಆಗ ಆಡುತ್ತಿದ್ದ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ 2018-19ರಿಂದ ತನ್ನ ಪಂದ್ಯಗಳನ್ನು 18ರಿಂದ 16ಕ್ಕೆ ಇಳಿಸಿ, ಹೊರಗಿನ ಬಲಿಷ್ಠರನ್ನು ಹುಡುಕಲು ತಂಡಗಳಿಗೆ ಎರಡು ದಿನ ಬಿಟ್ಟುಕೊಟ್ಟಿತು.

ಮಧ್ಯಮ ತಂಡಗಳು ತಮ್ಮತಮ್ಮಲ್ಲೇ ಆಡಿಕೊಂಡರೆ ಹೇಗೆ ಎಂಬ ಪ್ರಯತ್ನವೂ ನಡೆದಿದೆ. ಇಎಸ್‌ಪಿಎನ್ 2003ರಿಂದ 2013ರವರೆಗೆ ಪ್ರತಿ ಫೆಬ್ರುವರಿಯಲ್ಲಿ ‘ಬ್ರ್ಯಾಕೆಟ್‌ಬಸ್ಟರ್ಸ್’ ನಡೆಸಿತು. ಬೇರೆಬೇರೆ ಕಾನ್ಫರೆನ್ಸುಗಳ ಒಳ್ಳೆಯ ತಂಡಗಳನ್ನು ಋತುವಿನ ಮಧ್ಯದಲ್ಲಿ ಜೋಡಿ ಮಾಡುವುದು, ಮುಂದಿನ ಋತುಗಳಲ್ಲಿ ಮರುಪಂದ್ಯ ಆಡಿಸುವುದು ಅದರ ಕ್ರಮ. 2006ರಲ್ಲಿ ಜಾರ್ಜ್ ಮೇಸನ್ ತಂಡ ಕ್ಯಾನ್ಸಸ್‌ನ ವಿಚಿಟಾಗೆ ಹೋಗಿ ವಿಚಿಟಾ ಸ್ಟೇಟ್ ವಿರುದ್ಧ ಗೆದ್ದಿತು. ಮುಂದಿನ ತಿಂಗಳು ಆಯ್ಕೆ ಸಮಿತಿ ಜಾರ್ಜ್ ಮೇಸನ್‌ಗೆ ಜಾಗ ಕೊಟ್ಟಾಗ ಟೀಕಿಸಿದವರು ಬಹಳ. ಆ ತಂಡ ಮಿಷಿಗನ್ ಸ್ಟೇಟ್, ನಾರ್ತ್ ಕೆರೊಲಿನ, ಮತ್ತೊಮ್ಮೆ ವಿಚಿಟಾ ಸ್ಟೇಟ್, ಕೊನೆಗೆ ಕನೆಕ್ಟಿಕಟ್ ತಂಡಗಳನ್ನು ಸೋಲಿಸಿ ಕೊನೆಯ ನಾಲ್ಕಕ್ಕೆ ಏರಿತು. ಅಂಥ ಏರ್ಪಾಟು ನಿಂತುಹೋದದ್ದು ನಷ್ಟವೇ. ಎಂಎಸಿ ಮತ್ತು ಸನ್ ಬೆಲ್ಟ್ ಕಾನ್ಫರೆನ್ಸುಗಳು 2023-24ರಿಂದ ಅದನ್ನು ಹೋಲುವ ಕೊಡುಕೊಳ್ಳುವಿಕೆ ಶುರುಮಾಡಿರುವುದು ಸಮಾಧಾನದ ಸಂಗತಿ.

ಇಲ್ಲಿಯವರೆಗಿನದು ಸಮಿತಿಯನ್ನು ಒಲಿಸುವ ಮಾತು. ಊರಿನವರ ಮಾತು ಬೇರೆ. ಹೊರಗೆ ಹೋಗಿ ಆಡಿದಷ್ಟೂ ತವರಿನ ಪಂದ್ಯಗಳು ಕಡಿಮೆಯಾಗುತ್ತವೆ, ಸೀಸನ್ ಟಿಕೆಟ್ ಕೊಂಡವರಿಗೆ ಹೆಸರಿಲ್ಲದ ಎದುರಾಳಿಗಳೇ ಸಿಗುತ್ತಾರೆ. ದೊಡ್ಡವರು ಬಂದರೆ ಜನ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಗ್ಯಾಲರಿ ಕಟ್ಟಲು ಹೊರಟ ಕಾಲೇಜುಗಳು ಸೋಲುವುದು ಇದರಿಂದಲೇ. ದೊಡ್ಡವರು ಬಂದ ಸಂಜೆ ತುಂಬಿದ ಅಂಗಳದಲ್ಲಿ ಅರ್ಧ ಜನ ಅವರನ್ನೇ ನೋಡಲು ಬಂದವರು, ಮುಂದಿನ ಬುಧವಾರ ಅವರಾರೂ ಇರುವುದಿಲ್ಲ. ಎದುರಾಳಿ ಯಾರೆಂದು ಕೇಳದೆ ಬರುವ ಪ್ರೇಕ್ಷಕರನ್ನು ಬೆಳೆಸಿಕೊಳ್ಳುವುದೇ ನಿಜವಾದ ಕೆಲಸ.

ಒಹಾಯೊದ ಡೇಟನ್ ಅದನ್ನು ಸಾಧಿಸಿದೆ. ಸುಮಾರು 1.4 ಲಕ್ಷ ಜನರ ಊರು, ಕ್ಯಾಥೊಲಿಕ್ ವಿಶ್ವವಿದ್ಯಾಲಯ, 1969ರಲ್ಲಿ ತೆರೆದ 13,000ಕ್ಕೂ ಹೆಚ್ಚು ಆಸನಗಳ ಯುಡಿ ಅರೀನಾ. ಪ್ರೇಕ್ಷಕರ ಸರಾಸರಿಯಲ್ಲಿ ಡೇಟನ್ ವರ್ಷವರ್ಷವೂ ದೇಶದ ಮೊದಲ 35ರೊಳಗೆ, ಹೆಸರಾಂತ ಅನೇಕ ಕಾಲೇಜುಗಳಿಗಿಂತ ಮೇಲೆ ನಿಲ್ಲುತ್ತದೆ. ಗೊಂಜಾಗದಲ್ಲಿ ಫುಟ್‌ಬಾಲ್ ಇಲ್ಲವೇ ಇಲ್ಲ, ಡೇಟನ್‌ನಲ್ಲಿ ಇದ್ದರೂ ಸಣ್ಣ ಮಟ್ಟದ್ದು. ಆದ್ದರಿಂದ ಕಾಲೇಜಿನ ಮೇಲಿನ ಊರಿನ ಅಭಿಮಾನವೆಲ್ಲ ಚಳಿಗಾಲದ ಆಟಕ್ಕೇ ಹರಿಯುತ್ತದೆ. ಎನ್‌ಸಿಎಎ ಟೂರ್ನಿಯ ಆರಂಭದ ಪಂದ್ಯಗಳು 2001ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಇದೇ ಅಂಗಳದಲ್ಲಿ ನಡೆಯುತ್ತವೆ. ಎಲ್ಲಿಂದಲೋ ಬಂದ, ಹೆಸರೂ ಕೇಳಿರದ ಎರಡು ತಂಡಗಳ ಆಟ ನೋಡಲೂ ಡೇಟನ್ನಿನವರು ಟಿಕೆಟ್ ಕೊಂಡು ಬಂದು ಕೂರುತ್ತಾರೆ. ಆಟವನ್ನು ಆಟವಾಗಿ ಪ್ರೀತಿಸುವ ಊರು ಎಂದರೆ ಇದು. ಇದು ಪ್ರಚಾರದಿಂದ ಬಂದದ್ದಲ್ಲ, ಎರಡು ಮೂರು ತಲೆಮಾರುಗಳಿಂದ ಅದೇ ಕುಟುಂಬಗಳು ಅದೇ ಆಸನಗಳಲ್ಲಿ ಕೂತು ಬಂದ ಫಲ.

ತಲೆಮಾರುಗಳಷ್ಟು ಕಾಯಲಾಗದ ಕಾಲೇಜು ಸ್ಯಾನ್ ಡಿಯಾಗೊ ಸ್ಟೇಟ್ ಕಡೆ ನೋಡಬೇಕು. ಮಿಷಿಗನ್‌ಗೆ 1989ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದ ಸ್ಟೀವ್ ಫಿಷರ್ 1999ರಲ್ಲಿ ಅಲ್ಲಿಗೆ ಕೋಚ್ ಆಗಿ ಬಂದರು. ಮೊದಲ ಋತುವಿನಲ್ಲಿ ತಂಡ 5 ಗೆದ್ದು 23 ಸೋತಿತು, ಕಾನ್ಫರೆನ್ಸಿನಲ್ಲಿ ಒಂದೂ ಗೆಲುವಿಲ್ಲ. ಹನ್ನೆರಡು ಸಾವಿರ ಆಸನಗಳ ಹೊಸ ಅಂಗಳ ಬಿಕೋ ಎನ್ನುತ್ತಿತ್ತು. ಫಿಷರ್ ಸ್ವತಃ ಕ್ಯಾಂಪಸ್ಸಿನಲ್ಲಿ ಓಡಾಡಿ ವಿದ್ಯಾರ್ಥಿಗಳ ಕೈಗೆ ಪುಕ್ಕಟೆ ಟಿಕೆಟ್ ಕೊಟ್ಟರು. ಕೊಟ್ಟರೂ ಬೇಡವೆಂದವರಿದ್ದರು. ಹತ್ತು ಹನ್ನೆರಡು ವರ್ಷದಲ್ಲಿ, ಮುಂದೆ ಎನ್‌ಬಿಎ ತಾರೆಯಾದ ಕವಾಯ್ ಲೆನರ್ಡ್ ಆಡುತ್ತಿದ್ದ ಕಾಲಕ್ಕೆ, ಅದೇ ಅಂಗಳ ದೇಶದ ಅತ್ಯಂತ ಗದ್ದಲದ ಅಂಗಳಗಳಲ್ಲಿ ಒಂದಾಗಿತ್ತು. 2023ರಲ್ಲಿ ಆ ಕಾಲೇಜು ಫೈನಲ್ ಆಡಿತು. ಮೊದಲು ವಿದ್ಯಾರ್ಥಿಗಳು, ಅವರ ಸದ್ದಿಗೆ ಮನಸೋತು ಊರಿನವರು, ಆಮೇಲೆ ಟಿವಿ. ಈ ಅನುಕ್ರಮ ತಪ್ಪಿಸಿ ನಡೆದವರು ಕಡಿಮೆ.

ವಿದ್ಯಾರ್ಥಿಗಳೇ ಮೊದಲು ಎಂದ ಮೇಲೆ ಕಾಲೇಜಿನ ಕ್ಯಾಲೆಂಡರ್ ಮುಂದಿಟ್ಟುಕೊಳ್ಳದೆ ವೇಳಾಪಟ್ಟಿ ಮಾಡಲಾಗದು. ಡಿಸೆಂಬರ್ ಎರಡನೇ ವಾರ ಪರೀಕ್ಷೆ, ಅಲ್ಲಿಂದ ಜನವರಿ ಮಧ್ಯದವರೆಗೆ ಹಾಸ್ಟೆಲುಗಳು ಖಾಲಿ. ಸಿಗುವ ಒಬ್ಬ ಒಳ್ಳೆಯ ಎದುರಾಳಿಯನ್ನು ಆ ರಜೆಯಲ್ಲಿ ಕರೆಸುವುದು ದುಂದು. ಆ ದಿನಗಳು ಹೊರಗಿನ ಪ್ರಯಾಣಕ್ಕೂ, ಊರಿನ ಕುಟುಂಬಗಳನ್ನು ಮಕ್ಕಳ ಸಮೇತ ಕರೆಯುವ ಮಧ್ಯಾಹ್ನದ ಪಂದ್ಯಗಳಿಗೂ ಸರಿ. ಶಾಲಾ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ವಾರದ ದಿನ ಬೆಳಿಗ್ಗೆಯೇ ಪಂದ್ಯ ಆಡಿಸುವ ಕಾಲೇಜುಗಳೂ ಇವೆ. ಟಿವಿಯವರು ರಾತ್ರಿ ಒಂಬತ್ತಕ್ಕೆ ಪಂದ್ಯ ಇಟ್ಟರೆ ಮಕ್ಕಳಿರುವ ಮನೆಯವರು ಬರುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಒಪ್ಪಬಹುದು, ವಾರವಾರವೂ ಒಪ್ಪಿದರೆ ಗ್ಯಾಲರಿಯನ್ನು ಬಿಟ್ಟುಕೊಟ್ಟಂತೆಯೇ.

ಹೆಸರಾಂತ ಎದುರಾಳಿ ಸಿಗದಿದ್ದರೂ ಪಕ್ಕದೂರಿನ ಎದುರಾಳಿ ಸಿಗುತ್ತಾನೆ, ಕ್ರಮಾಂಕ ಎಷ್ಟೇ ಕೆಳಗಿದ್ದರೂ ಜನ ತರುವವನು ಅವನೇ. ಫಿಲಡೆಲ್ಫಿಯಾದ ಐದು ಕಾಲೇಜುಗಳು, ಪೆನ್, ವಿಲನೋವಾ, ಟೆಂಪಲ್, ಲಾ ಸಾಲ್, ಸೇಂಟ್ ಜೋಸೆಫ್ಸ್, 1955ರಲ್ಲಿ ‘ಬಿಗ್ ಫೈವ್’ ಕಟ್ಟಿಕೊಂಡು, 1927ರಲ್ಲಿ ತೆರೆದ ಪಲೆಸ್ಟ್ರಾ ಅಂಗಳದಲ್ಲಿ ಒಂದೇ ಸಂಜೆ ಎರಡೆರಡು ಪಂದ್ಯ ಆಡುತ್ತಿದ್ದವು. ಅವು ಬೇರೆಬೇರೆ ಕಾನ್ಫರೆನ್ಸಿನವು, ಬಲದಲ್ಲೂ ಸಮನಲ್ಲ. ಆದರೂ ಊರು ಆ ಪಂದ್ಯಗಳನ್ನು ತನ್ನವೆಂದುಕೊಂಡಿತು. 2023ರಿಂದ ಡ್ರೆಕ್ಸೆಲ್ ಸೇರಿಸಿಕೊಂಡು ಆರು ತಂಡಗಳು ಒಂದೇ ದಿನ, ಒಂದೇ ಅಂಗಳದಲ್ಲಿ ಮೂರು ಪಂದ್ಯ ಆಡುತ್ತಿವೆ. ಇಂಥ ಪಂದ್ಯವನ್ನು ನೆಟ್ ಕ್ರಮಾಂಕ ಕೆಡುತ್ತದೆಂದು ಕೈಬಿಡುವುದು ತಪ್ಪು. ಸಮಿತಿಯ ಲೆಕ್ಕದಲ್ಲಿ ಆಗುವ ನಷ್ಟವನ್ನು ಹೊರಗಿನ ಒಂದು ಗೆಲುವಿನಿಂದ ತುಂಬಬಹುದು, ತಪ್ಪಿಹೋದ ಸ್ಥಳೀಯ ಪೈಪೋಟಿಯನ್ನು ಮತ್ತೆ ಕಟ್ಟುವುದು ಬಹಳ ಕಷ್ಟ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಸಮಿತಿ ಕೈಕೊಡುವುದುಂಟು. 2024ರಲ್ಲಿ ಇಂಡಿಯಾನಾ ಸ್ಟೇಟ್ 28 ಗೆದ್ದು 6 ಸೋತು, ನೆಟ್ ಕ್ರಮಾಂಕದಲ್ಲಿ ಮೊದಲ 30ರೊಳಗೆ ಇತ್ತು. ಮೊದಲ ಮನೆಯ ಗೆಲುವುಗಳು ಸಾಲದೆ ಹೋದದ್ದರಿಂದ ಜಾಗ ಸಿಗಲಿಲ್ಲ. ಆದರೆ ಆ ಕಾಲೇಜಿರುವ ಟೆರ್ ಹೋಟ್ ಊರಿನವರು ಆ ವೇಳೆಗೆ ತಂಡದ ಬೆನ್ನಿಗೆ ನಿಂತಾಗಿತ್ತು. ಎರಡನೇ ದರ್ಜೆಯ ಎನ್‌ಐಟಿ ಟೂರ್ನಿಯ ತವರಿನ ಪಂದ್ಯಗಳಿಗೂ ಹಲ್ಮನ್ ಸೆಂಟರ್ ಕಿಕ್ಕಿರಿಯಿತು, ತಂಡ ಫೈನಲ್ ತಲುಪಿ ಸೀಟನ್ ಹಾಲ್ ಎದುರು 79–77ರಿಂದ ಸೋತಿತು. ಅದಾದ ಮೇಲೆ ಕೋಚ್ ಸೇಂಟ್ ಲೂಯಿಸ್‌ಗೆ ಹೋದರು, ಮುಖ್ಯ ಆಟಗಾರ ರಾಬಿ ಅವಿಲಾ ಅವರ ಹಿಂದೆಯೇ ಹೊರಟರು. ಆಟಗಾರರು ವರ್ಷಕ್ಕೊಂದು ಕಾಲೇಜು ಬದಲಿಸಬಹುದಾದ ಈಗಿನ ನಿಯಮದಲ್ಲಿ ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ ತಂಡ ಎರಡನೇ ವರ್ಷಕ್ಕೆ ಅದೇ ತಂಡವಾಗಿ ಉಳಿದಿರುತ್ತದೆಂಬ ಭರವಸೆ ಇಲ್ಲ. ಬಲಿಷ್ಠನೆಂದು ಕರೆದವನು ಬರುವ ಹೊತ್ತಿಗೆ ಬಡವಾಗಿರಬಹುದು. ಬೇಸಿಗೆಯಲ್ಲಿ ಫೋನ್ ಹಿಡಿದು ಕೂರುವ ಸಹಾಯಕ ಕೋಚ್ ಈಗ ಎದುರಾಳಿಯ ಹಳೆಯ ದಾಖಲೆಯ ಜೊತೆಗೆ ಅಲ್ಲಿ ಯಾರು ಉಳಿದರು, ಯಾರು ಹೊರಟರು ಎಂಬುದನ್ನೂ ತಿಳಿದುಕೊಂಡೇ ದಿನಾಂಕ ಗೊತ್ತುಮಾಡಬೇಕು.