ಜನರಿಲ್ಲದ ಹಬ್ಬ

ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಬೇಸಿಗೆಯ ಹಬ್ಬವೆಂದರೆ ಸಾಮಾನ್ಯವಾಗಿ ಜನಜಂಗುಳಿ. ಸೇತುವೆಯ ತುಂಬ ತಲೆಗಳು, ಹೊಳೆಯ ತುಂಬ ದೋಣಿಗಳು, ಮೇಲೆ ಬಾಣಬಿರುಸು. ಆದರೆ ಹಿರೋಶಿಗೆ 1857ರಲ್ಲಿ ರಚಿಸಿದ ತನಬಾತ ಹಬ್ಬದ ಚಿತ್ರದಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ. ಅದರ ಹೆಸರು ಮಾತ್ರ ‘ಏಳಿಗೆಯ ನಗರ, ತನಬಾತ ಹಬ್ಬ’. ಈ ಹೆಸರಿಗೂ ಆ ನಿರ್ಜನತೆಗೂ ಇರುವ ನಂಟಿನಲ್ಲೇ ಚಿತ್ರದ ಜೀವವಿದೆ ಎಂದು ನನಗನ್ನಿಸುತ್ತದೆ.

ತನಬಾತ ಪ್ರೇಮಿಗಳ ಹಬ್ಬ. ಆಕಾಶಗಂಗೆಯ ಆಚೆ ಈಚೆ ಉಳಿದ ನೇಕಾರ ಹುಡುಗಿ ಮತ್ತು ದನಗಾಹಿ ಏಳನೆಯ ತಿಂಗಳ ಏಳನೆಯ ರಾತ್ರಿ ಮಾತ್ರ ಕೂಡುತ್ತಾರೆ. ನಾವು ಅಭಿಜಿತ್, ಶ್ರವಣ ಎಂದು ಕರೆಯುವ ನಕ್ಷತ್ರಗಳೇ ಅವರು. ಅಂದು ಜನ ಕಾಗದದ ಚೀಟಿಯಲ್ಲಿ ಕೋರಿಕೆ ಬರೆದು ಬಿದಿರಿಗೆ ಕಟ್ಟುತ್ತಾರೆ.

ಹಿರೋಶಿಗೆಯ ಚಿತ್ರದಲ್ಲಿ ಪ್ರೇಮಿಗಳಿಲ್ಲ, ರಾತ್ರಿಯೂ ಇಲ್ಲ. ಹಗಲಿನಲ್ಲಿ, ಎದೊ ನಗರದ ಮನೆಗಳ ಮಾಡಿನ ಮೇಲೆ ಬಿದಿರುಗಳು ಗಾಳಿಗೆ ಬಾಗಿವೆ. ದೂರದ ಫುಜಿ ಪರ್ವತಕ್ಕಿಂತ ಅವೇ ಎತ್ತರ. ಚೀಟಿಗಳ ನಡುವೆ ತೂಗುವ ಕಾಗದದ ಆಕೃತಿಗಳನ್ನು ನೋಡಿ: ಅಬಾಕಸ್, ಲೆಕ್ಕದ ಪುಸ್ತಕ, ಕಲ್ಲಂಗಡಿ ಹೋಳು, ಮದ್ಯದ ಬಟ್ಟಲು. ವ್ಯಾಪಾರಿಗಳ ಬೀದಿ ನಕ್ಷತ್ರಗಳನ್ನು ಕೇಳುವುದು ಚೆನ್ನಾಗಿ ನಡೆಯುವ ಅಂಗಡಿಯನ್ನು, ತುಂಬಿದ ಊಟವನ್ನು.

ಎರಡು ವರ್ಷವೂ ಕಳೆದಿರಲಿಲ್ಲ, 1855ರ ನವೆಂಬರಿನಲ್ಲಿ ಇದೇ ನಗರ ಭೂಕಂಪಕ್ಕೆ ಕುಸಿದು, ಬೆಂಕಿಗೆ ಸುಟ್ಟಿತ್ತು. ಸಾವಿರಾರು ಜನ ಸತ್ತಿದ್ದರು. ಭೂಕಂಪಕ್ಕೆ ಕಾರಣವೆಂದು ಜನ ನಂಬಿದ್ದ ದೈತ್ಯ ಮೀನನ್ನು ಬರೆದ ಚಿತ್ರಗಳು ಸರಕಾರದ ಅನುಮತಿಯಿಲ್ಲದೆ, ಕಲಾವಿದರ ಹೆಸರಿಲ್ಲದೆ ಬೀದಿಯಲ್ಲಿ ಮಾರಾಟವಾದವು. ಸರಕಾರ ಅವನ್ನು ನಿಷೇಧಿಸಿತು. ಹಿರೋಶಿಗೆ ಎದೊದ ನೋಟಗಳ ಈ ಸರಣಿಯನ್ನು ಆರಂಭಿಸಿದ್ದು 1856ರಲ್ಲಿ, ಅನುಮತಿ ಪಡೆದೇ. ಅದರಲ್ಲಿ ಅವಶೇಷಗಳಿಗೆ ಜಾಗವಿಲ್ಲ.

ಹಾಗಾದರೆ ಇದು ಗಾಯ ಮುಚ್ಚುವ ಅಲಂಕಾರವೇ? ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾರೆ. ಆದರೆ ಹಿರೋಶಿಗೆ ಅಗ್ನಿಶಾಮಕ ಅಧಿಕಾರಿಯ ಮಗ. ಕೆಲವು ವರ್ಷ ತಾನೂ ಅದೇ ಹುದ್ದೆಯಲ್ಲಿದ್ದವನು. ಮಾಡುಗಳ ಮೇಲಿಂದ ನಗರವನ್ನು ನೋಡುವುದು ಅಂಥವನಿಗೆ ಬರೀ ಸೊಬಗಿನ ಮಾತಾಗಿರಲಾರದು. ಒಂದಕ್ಕೊಂದು ಒತ್ತಿ ನಿಂತ ಮಾಡುಗಳನ್ನು ಆತ ಅಷ್ಟು ಎಚ್ಚರದಿಂದ ಬರೆದಿದ್ದಾನೆ. ಜನರನ್ನು ಬರೆದಿದ್ದರೆ ನಾವು ಅವರ ಸಂಭ್ರಮ ನೋಡಿ ಮುಂದೆ ಹೋಗುತ್ತಿದ್ದೆವು. ಈಗ ಅವರ ಬೇಡಿಕೆಗಳಷ್ಟೇ ಕಣ್ಣಮುಂದೆ ಇವೆ.

ಮರುವರ್ಷ ಎದೊದಲ್ಲಿ ಕಾಲರಾ ಹರಡಿದಾಗ ಹಿರೋಶಿಗೆ ತೀರಿಕೊಂಡ. ‘ಏಳಿಗೆಯ ನಗರ’ ಎಂಬ ಹೆಸರನ್ನು ಬಿದಿರಿಗೆ ಕಟ್ಟಿದ ಇನ್ನೊಂದು ಚೀಟಿಯೆಂದೇ ನಾನು ಓದುತ್ತೇನೆ.